ಡ್ರೂಪಲ್ ಥೀಮ್‌ನಲ್ಲಿ ಫೀಲ್ಡ್ ಕಾಣುತ್ತಿಲ್ಲ, ಕಂಡರೂ ಹಳೆಯದು: ದೋಷ ಹುಡುಕುವ ಕ್ರಮ

ಡ್ರೂಪಲ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಸೈಟ್. ಎಡಿಟ್ ಫಾರಂನಲ್ಲಿ ದರ ತುಂಬಿದ್ದೀರಿ. ಸೇವ್ ಕೂಡ ಆಗಿದೆ. ಪುಟ ತೆರೆದರೆ ದರವೇ ಇಲ್ಲ. ಅಥವಾ ಇದೆ, ಆದರೆ 12,100 ಎಂದು ಇರಬೇಕಾದದ್ದು 12100.00 ಎಂದು ಕೂತಿದೆ. ಇಲ್ಲವೇ ಹೋದ ಹರಾಜಿನ ದರವೇ ಇನ್ನೂ ಹಲ್ಲು ಕಿರಿಯುತ್ತಿದೆ. ಹೀಗಾದಾಗ ಎಲ್ಲರ ಕೈಯೂ ಮೊದಲು ಹೋಗುವುದು ಥೀಮ್‌ನ (ಸೈಟಿನ ಹೊರರೂಪದ) ಟೆಂಪ್ಲೇಟ್ ಫೈಲಿಗೆ, ಅಂದರೆ ಪುಟ ಹೇಗೆ ಕಾಣಬೇಕು ಎಂದು ಹೇಳುವ ಫೈಲಿಗೆ. ಕೆಲಸ ಕೆಡುವುದೇ ಅಲ್ಲಿ. ಫೀಲ್ಡಿನ (ಫಾರಂನ ಒಂದೊಂದು ಖಾನೆಯ) ಮೌಲ್ಯ ಡೇಟಾಬೇಸ್‌ನಿಂದ ಹೊರಟು ಓದುವವರ ಮೊಬೈಲ್ ಮುಟ್ಟುವಷ್ಟರಲ್ಲಿ ನಾಲ್ಕೈದು ಕೈ ದಾಟಿರುತ್ತದೆ. ಯಾವ ಕೈಯಲ್ಲಿ ಕಳೆದುಹೋಯಿತು ಎಂದು ಗೊತ್ತಾಗುವ ತನಕ ಒಂದು ಸಾಲು ಕೋಡನ್ನೂ ಮುಟ್ಟಬೇಡಿ.

ಉದಾಹರಣೆಗೆ ಒಂದೇ ಸೈಟನ್ನು ಇಟ್ಟುಕೊಳ್ಳೋಣ. ತಿಪಟೂರಿನ ಕೆಲವು ಕೊಬ್ಬರಿ ಮಂಡಿಗಳಿಗಾಗಿ ಮಾಡಿದ ಸೈಟ್. ತುಮಕೂರಿನಲ್ಲಿ ಕೂತು ಈ ಕೆಲಸ ಮಾಡುವವರಿಗೆ ತೆಂಗು, ಕೊಬ್ಬರಿ, ಅಡಿಕೆ ಬಿಟ್ಟರೆ ಗಿರಾಕಿಗಳು ಕಮ್ಮಿ. ಇದರಲ್ಲಿ ಎರಡು ಕಂಟೆಂಟ್ ಟೈಪ್, ಅಂದರೆ ಎರಡು ಬಗೆಯ ಪುಟಗಳು ಇವೆ. ಒಂದು ‘ದರ’: ಉಂಡೆ ಕೊಬ್ಬರಿಯ ದರ, ಆವಕ, ಹರಾಜಿನ ಸಮಯ. ಇನ್ನೊಂದು ‘ಮಂಡಿ’: ಅಂಗಡಿಯ ಹೆಸರು, ಫೋಟೋ, ವಿವರ, ಜೊತೆಗೆ ‘ದರ’ದ ಪುಟಕ್ಕೆ ಕೈತೋರಿಸುವ ಒಂದು ರೆಫರೆನ್ಸ್ ಫೀಲ್ಡ್. ಹರಾಜು ಮುಗಿದ ಮೇಲೆ ಒಬ್ಬರು ದರದ ಪುಟವನ್ನು ಬದಲಿಸುತ್ತಾರೆ. ಎಲ್ಲ ಮಂಡಿಗಳ ಪುಟದಲ್ಲೂ ಅದು ತಾನಾಗಿ ಬದಲಾಗಬೇಕು.

ಒಂದು ಸೂಚನೆ. ಫೈಲು, ಫೀಲ್ಡುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಥೀಮ್‌ನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಬೇಕು.

ಮೊದಲು ಮ್ಯಾನೇಜ್ ಡಿಸ್‌ಪ್ಲೇ

ಫೀಲ್ಡ್ ಪೂರ್ತಿ ಮಾಯವಾಗಿದ್ದರೆ ಹತ್ತಕ್ಕೆ ಆರು ಸಲ ತಪ್ಪು ಇರುವುದು ಟೆಂಪ್ಲೇಟ್‌ನಲ್ಲಲ್ಲ, ಇಲ್ಲೇ. ಅಡ್ಮಿನ್ ಮೆನುವಿನಲ್ಲಿ ಹೀಗೆ ಹೋಗಿ: ಸ್ಟ್ರಕ್ಚರ್, ಕಂಟೆಂಟ್ ಟೈಪ್ಸ್, ಮಂಡಿ, ಮ್ಯಾನೇಜ್ ಡಿಸ್‌ಪ್ಲೇ. ಫೀಲ್ಡ್ ಅಲ್ಲಿ ಕೆಳಗಿನ ‘ಡಿಸೇಬಲ್ಡ್’ ಸಾಲಿನಲ್ಲಿ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಟೆಂಪ್ಲೇಟ್‌ಗೆ ಬರುವ ‘ಕಂಟೆಂಟ್’ ಎಂಬ ಗಂಟಿನಲ್ಲಿ ಅದು ಇರುವುದೇ ಇಲ್ಲ. ನೀವು ‘ಕಂಟೆಂಟ್.ಫೀಲ್ಡ್_ದರ’ ಎಂದು ಎಷ್ಟು ಸಲ ಬರೆದರೂ ಖಾಲಿಯೇ. ಟೆಂಪ್ಲೇಟ್ ಬರೆಯುವ ಭಾಷೆಯಾದ ಟ್ವಿಗ್ ಇದಕ್ಕೆ ಎರರ್ ಕೂಡ ಕೊಡುವುದಿಲ್ಲ, ತೆಪ್ಪಗಿರುತ್ತದೆ.

ಇಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಮೇಲೆ ಟ್ಯಾಬ್‌ಗಳಿವೆಯಲ್ಲ: ಡೀಫಾಲ್ಟ್, ಟೀಸರ್ ಇತ್ಯಾದಿ. ಅವು ವ್ಯೂ ಮೋಡ್‌ಗಳು, ಅಂದರೆ ಒಂದೇ ವಿಷಯವನ್ನು ಬೇರೆ ಬೇರೆ ಕಡೆ ತೋರಿಸುವ ಬಗೆಗಳು. ಡೀಫಾಲ್ಟ್‌ನಲ್ಲಿ ಫೀಲ್ಡ್ ಆನ್ ಮಾಡಿದರೆ ಟೀಸರ್‌ನಲ್ಲಿ ಆನ್ ಆಗುವುದಿಲ್ಲ. ಮುಖಪುಟದ ಪಟ್ಟಿಯಲ್ಲಿ ದರ ಇಲ್ಲ, ಒಳಪುಟದಲ್ಲಿ ಇದೆ ಎಂದರೆ ನೇರ ಟೀಸರ್ ಟ್ಯಾಬ್‌ಗೆ ಹೋಗಿ.

ಲೇಬಲ್ ಬೇಡ ಎನ್ನುವುದಕ್ಕೂ ಜಾಗ ಇದೇ. ಲೇಬಲ್ ತೆಗೆಯಲೆಂದೇ ಹೊಸ ಟೆಂಪ್ಲೇಟ್ ಮಾಡಿದವರನ್ನು ನೋಡಿದ್ದೇನೆ. ಬೇಕಿಲ್ಲ. ಮೇಲೆ, ಪಕ್ಕದಲ್ಲಿ, ಮರೆ, ಕಣ್ಣಿಗೆ ಮಾತ್ರ ಮರೆ ಎಂದು ನಾಲ್ಕು ಆಯ್ಕೆ ಅಲ್ಲೇ ಇವೆ. ಕೊನೆಯದನ್ನು ಆರಿಸಿದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಲೇಬಲ್ ಕೇಳಿಸುತ್ತದೆ. ಬರೀ ಅಂಕಿ ಇರುವ ಫೀಲ್ಡ್‌ಗೆ ಅದೇ ಒಳ್ಳೆಯದು. ‘12,100’ ಎಂದಷ್ಟೇ ಕೇಳಿದರೆ ಯಾರಿಗೆ ಏನು ಗೊತ್ತಾಗಬೇಕು?

ಈ ಟೈಪ್‌ಗೆ ಲೇಔಟ್ ಬಿಲ್ಡರ್ (ಪುಟದ ಭಾಗಗಳನ್ನು ಎಳೆದು ಜೋಡಿಸುವ ಸಾಧನ) ಆನ್ ಆಗಿದೆಯಾ ಎಂಬುದನ್ನೂ ಈಗಲೇ ನೋಡಿಬಿಡಿ. ಆನ್ ಆಗಿದ್ದರೆ ಲೇಔಟ್‌ನಲ್ಲಿ ಇಟ್ಟ ಫೀಲ್ಡುಗಳೆಲ್ಲ ‘ಕಂಟೆಂಟ್’ನೊಳಗೆ ‘_ಲೇಔಟ್_ಬಿಲ್ಡರ್’ ಎಂಬ ಒಂದೇ ಮೂಟೆಯಲ್ಲಿ ಬರುತ್ತವೆ. ಬಿಡಿಬಿಡಿಯಾಗಿ ಕೈಗೆ ಸಿಗುವುದಿಲ್ಲ. ಡ್ರೂಪಲ್‌ನಲ್ಲಿ ಇಂಥ ಒಂದೊಂದು ಪುಟಕ್ಕೂ ನೋಡ್ ಎಂದು ಹೆಸರು. ನೋಡ್ ಟೆಂಪ್ಲೇಟ್‌ನಲ್ಲಿ ಫೀಲ್ಡ್ ಹೆಸರು ಬರೆದು ‘ಯಾಕೆ ಬರ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುವ ಕೇಸುಗಳಲ್ಲಿ ಒಂದಿಷ್ಟು ಇಲ್ಲಿಗೇ ಮುಗಿಯುತ್ತವೆ.

ಯಾವ ಟೆಂಪ್ಲೇಟ್ ಓಡುತ್ತಿದೆ?

ಊಹೆ ಮಾಡಬೇಡಿ, ಕೇಳಿ. ಡ್ರೂಪಲ್ ತಾನೇ ಹೇಳುತ್ತದೆ. 10.1ರಿಂದ ಈಚೆಗೆ ಕಾನ್ಫಿಗರೇಷನ್ ಪುಟದಲ್ಲೇ ‘ಡೆವಲಪ್‌ಮೆಂಟ್ ಸೆಟ್ಟಿಂಗ್ಸ್’ ಇದೆ. ಟ್ವಿಗ್ ಡೆವಲಪ್‌ಮೆಂಟ್ ಮೋಡ್‌ಗೆ ಟಿಕ್ ಹಾಕಿ ಸೇವ್ ಮಾಡಿದರೆ ಆಯಿತು. ಅದಕ್ಕಿಂತ ಹಳೆಯ ಸೈಟ್ ಆದರೆ ಸರ್ವೀಸಸ್ ಫೈಲಿನಲ್ಲಿ ಟ್ವಿಗ್ ಡೀಬಗ್ ಅನ್ನು ‘ಟ್ರೂ’ ಮಾಡಿ ಕ್ಯಾಶ್ (ಡ್ರೂಪಲ್ ಮೊದಲೇ ಕಟ್ಟಿ ಇಟ್ಟುಕೊಂಡ ಪ್ರತಿಗಳು) ತೆರವು ಮಾಡಬೇಕು. ಇದನ್ನು ನಿಮ್ಮ ಲ್ಯಾಪ್‌ಟಾಪ್‌ನ ಪ್ರತಿಯಲ್ಲಿ ಮಾಡಿ, ಜನ ನೋಡುವ ಲೈವ್ ಸೈಟಿನಲ್ಲಿ ಅಲ್ಲ.

ಈಗ ಪುಟದ ಮೇಲೆ ರೈಟ್ ಕ್ಲಿಕ್, ಇನ್‌ಸ್ಪೆಕ್ಟ್. ಪ್ರತಿ ಫೀಲ್ಡ್‌ನ ಮೇಲೆ ಒಂದು ಕಾಮೆಂಟ್ ಕಾಣುತ್ತದೆ. ಅದರಲ್ಲಿ ಟೆಂಪ್ಲೇಟ್‌ಗೆ ಇಡಬಹುದಾದ ಹೆಸರುಗಳ ಪಟ್ಟಿ ಇರುತ್ತದೆ. ಮೇಲಿನದು ತೀರಾ ನಿರ್ದಿಷ್ಟ, ಕೆಳಗಿನದು ತೀರಾ ಸಾಮಾನ್ಯ. ದರದ ಪುಟದಲ್ಲಿ ಹೀಗೆ ಬರುತ್ತದೆ:

ಫೀಲ್ಡ್--ನೋಡ್--ಫೀಲ್ಡ್-ದರ--ದರ.ಎಚ್‌ಟಿಎಂಎಲ್.ಟ್ವಿಗ್
ಫೀಲ್ಡ್--ನೋಡ್--ಫೀಲ್ಡ್-ದರ.ಎಚ್‌ಟಿಎಂಎಲ್.ಟ್ವಿಗ್
ಫೀಲ್ಡ್--ನೋಡ್--ದರ.ಎಚ್‌ಟಿಎಂಎಲ್.ಟ್ವಿಗ್
ಫೀಲ್ಡ್--ಫೀಲ್ಡ್-ದರ.ಎಚ್‌ಟಿಎಂಎಲ್.ಟ್ವಿಗ್
ಫೀಲ್ಡ್--ಡೆಸಿಮಲ್.ಎಚ್‌ಟಿಎಂಎಲ್.ಟ್ವಿಗ್
ಫೀಲ್ಡ್.ಎಚ್‌ಟಿಎಂಎಲ್.ಟ್ವಿಗ್

ಈಗ ಓಡುತ್ತಿರುವುದರ ಮುಂದೆ ಗುರುತು ಇರುತ್ತದೆ. ಹಳೆಯ ಆವೃತ್ತಿಯಲ್ಲಿ ಎಕ್ಸ್ ಅಕ್ಷರ, ಈಚಿನದರಲ್ಲಿ ಹಸಿರು ಟಿಕ್. ಪಟ್ಟಿಯ ಕೆಳಗೆ ಆ ಫೈಲ್ ಯಾವ ಫೋಲ್ಡರ್‌ನಿಂದ ಬಂತು ಎಂದೂ ಬರೆದಿರುತ್ತದೆ. ಆ ಸಾಲನ್ನು ಓದದೆ ಮುಂದೆ ಹೋಗಬೇಡಿ. ನೀವು ನಿಮ್ಮ ಥೀಮ್‌ನ ಫೈಲ್ ತಿದ್ದುತ್ತಿದ್ದೀರಿ, ಅಲ್ಲಿ ನೋಡಿದರೆ ಕೋರ್‌ನ (ಡ್ರೂಪಲ್ ಜೊತೆಗೇ ಬರುವ ಮೂಲ ಕೋಡಿನ) ಫೈಲ್ ಓಡುತ್ತಿದೆ. ಇಂಥ ಕಡೆ ಎಷ್ಟು ತಿದ್ದಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ನಿಮ್ಮ ಫೈಲಿಗೆ ಗುರುತು ಬಿದ್ದಿಲ್ಲ ಎಂದರೆ ಕಾರಣಗಳು ಬೆರಳೆಣಿಕೆಯಷ್ಟು. ಫೀಲ್ಡಿನ ಹೆಸರಿನಲ್ಲಿ ಅಂಡರ್‌ಸ್ಕೋರ್ ಇರುತ್ತದೆ, ಫೈಲಿನ ಹೆಸರಿನಲ್ಲಿ ಅದು ಹೈಫನ್ ಆಗಬೇಕು. ಭಾಗ ಭಾಗದ ನಡುವೆ ಎರಡು ಹೈಫನ್, ಒಂದಲ್ಲ. ಫೈಲ್ ಥೀಮ್‌ನ ‘ಟೆಂಪ್ಲೇಟ್ಸ್’ ಫೋಲ್ಡರ್‌ನಲ್ಲಿ ಇರಬೇಕು. ಅದರೊಳಗೆ ಉಪಫೋಲ್ಡರ್ ಎಷ್ಟಾದರೂ ಮಾಡಿಕೊಳ್ಳಿ, ಆಚೆ ಇಟ್ಟರೆ ಮಾತ್ರ ಸಿಗುವುದಿಲ್ಲ. ಹೊಸ ಫೈಲ್ ಸೇರಿಸಿದ ಮೇಲೆ ಒಂದು ಸಲ ಕ್ಯಾಶ್ ತೆರವು ಮಾಡಲೇಬೇಕು. ಇಲ್ಲದಿದ್ದರೆ ಡ್ರೂಪಲ್‌ಗೆ ಅಂಥದ್ದೊಂದು ಫೈಲ್ ಬಂದಿದೆ ಎಂಬುದೇ ಗೊತ್ತಿರುವುದಿಲ್ಲ. ಇನ್ನೊಂದು, ‘ಕಂಟೆಂಟ್.ಫೀಲ್ಡ್_ದರ.0’ ಎಂದು ಮೊದಲ ಐಟಂ ಮಾತ್ರ ಎತ್ತಿದ್ದರೆ ಫೀಲ್ಡ್ ಟೆಂಪ್ಲೇಟ್ ಓಡುವುದೇ ಇಲ್ಲ. ಕಾಮೆಂಟೂ ಕಾಣುವುದಿಲ್ಲ.

ಕೋರ್‌ನ ಫೈಲನ್ನು ಅಲ್ಲೇ ತಿದ್ದುವ ಆಸೆ ಬರಬಹುದು. ಮುಂದಿನ ಅಪ್‌ಡೇಟ್‌ನಲ್ಲಿ ಅದು ಒರೆಸಿಹೋಗುತ್ತದೆ. ಡ್ರೂಪಲ್ ಜೊತೆ ಬರುವ ಒಲಿವೆರೊ ಥೀಮ್‌ನದೇ ಬೇಕಿದ್ದರೆ ಅದರ ಟೆಂಪ್ಲೇಟನ್ನು ನಿಮ್ಮ ಥೀಮ್‌ಗೆ ಕಾಪಿ ಮಾಡಿ ಅಲ್ಲಿ ತಿದ್ದಿ. ಕಾಪಿ ಮಾಡಿದಾಗ ‘ಆಟ್ರಿಬ್ಯೂಟ್ಸ್’, ‘ಟೈಟಲ್_ಸಫಿಕ್ಸ್’ ಎಂಬ ಪದಗಳು ಕಸ ಎಂದುಕೊಂಡು ಅಳಿಸಬೇಡಿ. ನೋಡ್ ಟೆಂಪ್ಲೇಟ್‌ನಲ್ಲಿ ಅವನ್ನು ತೆಗೆದರೆ ಎಡಿಟ್ ಮಾಡುವ ಪೆನ್ಸಿಲ್ ಗುರುತು ಮಾಯವಾಗುತ್ತದೆ. ಆಮೇಲೆ ಆಫೀಸಿನವರು ‘ಪೆನ್ಸಿಲ್ ಎಲ್ಲಿ’ ಎಂದು ಫೋನ್ ಮಾಡುತ್ತಾರೆ.

ಅಂದಹಾಗೆ, ಹುಡುಕಿದಾಗ ಸಿಗುವ ಹಳೆಯ ಸಲಹೆಗಳಲ್ಲಿ ‘ಪ್ರಿಂಟ್ ರೆಂಡರ್’, ‘ಹೈಡ್’ ಎಂದೆಲ್ಲ ಇದ್ದರೆ ಅದು ಡ್ರೂಪಲ್ 7ರ ಕಾಲದ್ದು. ಟ್ವಿಗ್ ಬಂದದ್ದು 2015ರ ನವೆಂಬರ್‌ನಲ್ಲಿ, ಡ್ರೂಪಲ್ 8ರ ಜೊತೆ. 7ಕ್ಕೆ ಅಧಿಕೃತ ಬೆಂಬಲ 2025ರ ಜನವರಿ 5ಕ್ಕೆ ನಿಂತಿದೆ. ಆಗಿನ ‘ಹೈಡ್’ ಮಾಡುತ್ತಿದ್ದ ಕೆಲಸವನ್ನು ಈಗ ‘ವಿದೌಟ್’ ಫಿಲ್ಟರ್ ಮಾಡುತ್ತದೆ. ಒಂದು ಫೀಲ್ಡನ್ನು ಮೇಲೆ ಬೇರೆಯಾಗಿ ತೋರಿಸಿ, ಕೆಳಗೆ ಉಳಿದದ್ದನ್ನೆಲ್ಲ ಒಟ್ಟಿಗೆ ಹಾಕುವಾಗ ಇದು ಬೇಕು. ಮರೆತರೆ ಅದೇ ದರ ಎರಡು ಸಲ ಬರುತ್ತದೆ.

ಬಂದಿದೆ, ಆದರೆ ಆಕಾರ ಕೆಟ್ಟಿದೆ

ಟೆಂಪ್ಲೇಟ್‌ನಲ್ಲಿ ಫೀಲ್ಡನ್ನು ಎತ್ತಿಕೊಳ್ಳಲು ಎರಡು ದಾರಿ ಇವೆ. ‘ಕಂಟೆಂಟ್.ಫೀಲ್ಡ್_ದರ’ ಎಂದರೆ ಮ್ಯಾನೇಜ್ ಡಿಸ್‌ಪ್ಲೇಯಲ್ಲಿ ನೀವು ಹೇಳಿದಂತೆ ಸಿದ್ಧವಾಗಿ ಬಂದದ್ದು. ‘ನೋಡ್.ಫೀಲ್ಡ್_ದರ.ವ್ಯಾಲ್ಯೂ’ ಎಂದರೆ ಡೇಟಾಬೇಸ್‌ನಲ್ಲಿ ಇದ್ದಂತೆ ಹಸಿಹಸಿ. ಎರಡನೆಯದು ಕೈಗೆ ಬೇಗ ಸಿಗುತ್ತದೆ, ಸುತ್ತ ಡಿವ್ ಟ್ಯಾಗ್‌ಗಳ ಕಾಟ ಇಲ್ಲ. ಅದಕ್ಕೇ ಎಲ್ಲರೂ ಅದನ್ನು ಹಿಡಿಯುತ್ತಾರೆ. ಆಕಾರ ಕೆಡುವ ದೂರುಗಳು ಹುಟ್ಟುವುದೂ ಅಲ್ಲೇ.

2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ ಇತ್ತು. ಇದನ್ನು ಡೆಸಿಮಲ್ ಫೀಲ್ಡ್‌ನಲ್ಲಿ ಹಾಕಿ ಹಸಿಯಾಗಿ ಎತ್ತಿದರೆ 12100.00 ಎಂದೇ ಬರುತ್ತದೆ. ಅಲ್ಪವಿರಾಮ ಹಾಕುವುದು, ಕೊನೆಯ ಸೊನ್ನೆ ತೆಗೆಯುವುದು, ಅಂಕಿಗೆ ಮೊದಲು ‘ರೂ.’ ಸೇರಿಸುವುದು, ಇವೆಲ್ಲ ಮೌಲ್ಯವನ್ನು ತೋರಿಸುವ ರೂಪಕ್ಕೆ ತರುವ ಫಾರ್ಮ್ಯಾಟರ್‌ನ ಕೆಲಸ. ಹಸಿ ಮೌಲ್ಯ ಆ ದಾರಿಯಲ್ಲಿ ಬರುವುದೇ ಇಲ್ಲ. ‘ಕಂಟೆಂಟ್’ಗೆ ಬದಲಿಸಿ, ಮ್ಯಾನೇಜ್ ಡಿಸ್‌ಪ್ಲೇಯಲ್ಲಿ ಸಾವಿರದ ಗುರುತಿಗೆ ಕಾಮಾ ಆರಿಸಿ, ‘ಸ್ಕೇಲ್’ ಅನ್ನು ಸೊನ್ನೆ ಮಾಡಿ, ಸರಿಯಾಗುತ್ತದೆ.

ಆದರೆ ಲಕ್ಷ ದಾಟಿದರೆ ಹುಷಾರು. ಕೋರ್‌ನ ಫಾರ್ಮ್ಯಾಟರ್ ಮೂರು ಮೂರು ಅಂಕಿಗೆ ಕಾಮಾ ಹಾಕುತ್ತದೆ. 1,25,000 ಎಂದು ಇರಬೇಕಾದದ್ದು 125,000 ಆಗುತ್ತದೆ. ಮಂಡಿಯವರು ಲೆಕ್ಕದ ಪುಸ್ತಕದಲ್ಲಿ ಜೀವನ ಕಳೆದವರು, ಇದು ಅವರ ಕಣ್ಣಿಗೆ ಮೊದಲ ನೋಟಕ್ಕೇ ಚುಚ್ಚುತ್ತದೆ. ಇದು ಟೆಂಪ್ಲೇಟ್‌ನ ದೋಷ ಅಲ್ಲ, ಫಾರ್ಮ್ಯಾಟರ್‌ಗೆ ನಮ್ಮ ಲಕ್ಷದ ಲೆಕ್ಕ ಗೊತ್ತಿಲ್ಲ ಅಷ್ಟೆ. ಸಣ್ಣದೊಂದು ಸ್ವಂತ ಫಾರ್ಮ್ಯಾಟರ್ ಬರೆಯುವುದೇ ನೆಟ್ಟಗಿನ ದಾರಿ. ಟ್ವಿಗ್‌ನಲ್ಲಿ ಅಂಕಿಗಳನ್ನು ಕತ್ತರಿಸಿ ಜೋಡಿಸುವ ಕಸರತ್ತು ಬೇಡ.

ಸಮಯದ್ದು ಇನ್ನೂ ಮಜಾ. ಹರಾಜು ಮಧ್ಯಾಹ್ನ 3:30ಕ್ಕೆ ಎಂದು ತುಂಬಿದ್ದೀರಿ, ಪುಟದಲ್ಲಿ 10:00 ಎಂದಿದೆ. ಐದೂವರೆ ಗಂಟೆಯ ವ್ಯತ್ಯಾಸ ಕಂಡ ಕೂಡಲೇ ಅರ್ಥ ಮಾಡಿಕೊಳ್ಳಿ: ಡ್ರೂಪಲ್ ದಿನಾಂಕ-ಸಮಯವನ್ನು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ) ಇಡುತ್ತದೆ, ನೀವು ಅದನ್ನು ಹಸಿಯಾಗಿ ಎತ್ತಿದ್ದೀರಿ. ಸರ್ವರ್‌ನ ಗಡಿಯಾರವನ್ನು ಬೈಯಬೇಡಿ. ಬರೀ ದಿನಾಂಕದ ಫೀಲ್ಡ್‌ಗೆ ಈ ಪರಿವರ್ತನೆ ಇಲ್ಲ. ಅದಕ್ಕೇ ಒಂದೇ ಪುಟದಲ್ಲಿ ಒಂದು ಫೀಲ್ಡ್ ಸರಿ, ಇನ್ನೊಂದು ತಪ್ಪು ಎಂದು ಕಾಣಬಹುದು.

ವಿವರದ ಫೀಲ್ಡ್‌ನಲ್ಲಿ ಪ್ಯಾರಾ ಗುರುತುಗಳು ಹಾಗೆಹಾಗೇ ಅಕ್ಷರವಾಗಿ ಕಂಡರೆ ಅದೂ ಇದೇ ಮನೆಯ ರೋಗ. ಟ್ವಿಗ್ ಹಸಿ ಪಠ್ಯವನ್ನು ಸುರಕ್ಷತೆಗಾಗಿ ಎಸ್ಕೇಪ್ ಮಾಡುತ್ತದೆ, ಅಂದರೆ ಟ್ಯಾಗ್‌ಗಳನ್ನೂ ಬರೀ ಅಕ್ಷರವಾಗಿ ತೋರಿಸುತ್ತದೆ. ‘ರಾ’ ಫಿಲ್ಟರ್ ಹಾಕಿ ಬಾಯಿ ಮುಚ್ಚಿಸುವವರಿದ್ದಾರೆ. ದಯವಿಟ್ಟು ಬೇಡ. ಯಾರೋ ತುಂಬಿದ ಸ್ಕ್ರಿಪ್ಟ್ ಕೂಡ ಅದರಿಂದ ನೇರ ಓಡಿಬಿಡುತ್ತದೆ.

ಹೊಸ ದರ ಹಾಕಿದರೂ ಹಳೆಯದೇ

‘ಸಾರ್, ಇವತ್ತಿನ ರೇಟು ಹಾಕಿದೀನಿ. ದರದ ಪೇಜಲ್ಲಿ ಬಂದೈತೆ. ಮಂಡಿ ಪೇಜಲ್ಲಿ ಹೋದ್ ಸಲದ್ದೇ ತೋರಿಸ್ತೈತೆ.’

ದೂರು ಹೀಗೆ ಬಂದರೆ ಖುಷಿಪಡಿ. ಅರ್ಧ ರೋಗ ಅವರೇ ಹೇಳಿಬಿಟ್ಟಿದ್ದಾರೆ. ಮೂಲ ಪುಟ ಸರಿ ಇದೆ, ಅದರಿಂದ ಎರವಲು ತಂದ ಪುಟ ಹಳಸಿದೆ.

ಸಾಮಾನ್ಯವಾಗಿ ಆಗುವುದೇನು ಎಂದರೆ ಕ್ಯಾಶ್ ತೆರವು ಮಾಡುತ್ತಾರೆ, ಸರಿಯಾಗುತ್ತದೆ, ಫೋನ್ ಇಡುತ್ತಾರೆ. ಮುಂದಿನ ಹರಾಜಿಗೆ ಮತ್ತೆ ಅದೇ ಫೋನ್. ಕೊನೆಗೆ ಬೇಸತ್ತು ಗಂಟೆಗೊಮ್ಮೆ ಕ್ಯಾಶ್ ತೆರವು ಮಾಡುವಂತೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿ ಕೈ ತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ದೋಷಕ್ಕಿಂತ ಕೆಟ್ಟ ಪರಿಹಾರ. ಕ್ಯಾಶ್ ತೆರವಾದ ಪ್ರತಿ ಸಲ ಡ್ರೂಪಲ್ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಹರಾಜು ಮುಗಿದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮೊಬೈಲ್ ತೆಗೆಯುತ್ತಾರೆ. ಕಮ್ಮಿ ದುಡ್ಡಿನ ಹೋಸ್ಟಿಂಗ್ ಆಗ ಮಂಡಿಯೂರುತ್ತದೆ.

ಮೊದಲು ಎರಡು ಪರೀಕ್ಷೆ ಮಾಡಿ. ಒಂದು: ಅದೇ ಪುಟವನ್ನು ಲಾಗಿನ್ ಆಗಿ ನೋಡಿ, ಆಮೇಲೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನೋಡಿ. ಲಾಗಿನ್ ಆದಾಗ ಹೊಸದು, ಹೊರಗಿನವರಿಗೆ ಮಾತ್ರ ಹಳೆಯದು ಎಂದರೆ ಪುಟದ ಕ್ಯಾಶ್ ಅಥವಾ ಮುಂದೆ ಕೂತ ಸಿಡಿಎನ್ (ಪುಟದ ಪ್ರತಿಗಳನ್ನು ಹಂಚುವ ಹೊರಗಿನ ಸರ್ವರ್‌ಗಳು) ಕಡೆ ತಿರುಗಿ. ಎರಡೂ ಕಡೆ ಹಳೆಯದಾದರೆ ತಪ್ಪು ಇನ್ನೂ ಒಳಗಿದೆ. ಎರಡು: ಒಂದು ಮಂಡಿಯ ಪುಟವನ್ನು ಎಡಿಟ್‌ನಲ್ಲಿ ತೆರೆದು, ಏನೂ ಬದಲಿಸದೆ ಸುಮ್ನೆ ಸೇವ್ ಒತ್ತಿ. ಆ ಒಂದು ಪುಟದಲ್ಲಿ ಹೊಸ ದರ ಬಂದು, ಉಳಿದ ಮಂಡಿಗಳಲ್ಲಿ ಹಳೆಯದೇ ಇದ್ದರೆ ಕಳ್ಳ ಸಿಕ್ಕಿದ.

ಇದು ಆಗುವುದು ಹೀಗೆ. ಡ್ರೂಪಲ್ ಒಂದು ಪುಟವನ್ನು ಕಟ್ಟಿ ಇಟ್ಟುಕೊಳ್ಳುವಾಗ ಅದರ ಮೇಲೆ ಚೀಟಿ ಅಂಟಿಸುತ್ತದೆ: ‘ನೋಡ್ 12 ಬಳಸಿದೆ, ನೋಡ್ 45 ಬಳಸಿದೆ.’ ಇವೇ ಕ್ಯಾಶ್ ಟ್ಯಾಗ್‌ಗಳು. 45 ಬದಲಾದರೆ ಆ ಚೀಟಿ ಇರುವ ಎಲ್ಲವನ್ನೂ ಬಿಸಾಡಿ ಹೊಸದಾಗಿ ಕಟ್ಟುತ್ತದೆ. ಚೀಟಿ ಅಂಟುವುದು ಫೀಲ್ಡ್ ಸರಿಯಾದ ದಾರಿಯಲ್ಲಿ ರೆಂಡರ್ ಆದಾಗ, ಅಂದರೆ ತೋರಿಸುವ ರೂಪಕ್ಕೆ ಬಂದಾಗ. ನಿಮ್ಮ ಮಂಡಿ ಟೆಂಪ್ಲೇಟ್ ತೆರೆದು ನೋಡಿ. ಅದರಲ್ಲಿ ಹೀಗೊಂದು ಸಾಲು ಇರುತ್ತದೆ:

ನೋಡ್.ಫೀಲ್ಡ್_ಇಂದಿನ_ದರ.ಎಂಟಿಟಿ.ಫೀಲ್ಡ್_ದರ.ವ್ಯಾಲ್ಯೂ

ಮಂಡಿಯಿಂದ ದರದ ನೋಡ್‌ಗೆ ಹಾರಿ, ಅಲ್ಲಿಂದ ಅಂಕಿಯನ್ನು ಕಿತ್ತು ತಂದಿದ್ದಾರೆ. ಅಂಕಿ ಬಂತು, ಚೀಟಿ ಬರಲಿಲ್ಲ. ಮಂಡಿಯ ಪುಟದ ಮೇಲೆ ಅದರದೇ ಚೀಟಿ ಇದೆ, ಅದಕ್ಕೇ ಸೇವ್ ಒತ್ತಿದಾಗ ಸರಿಯಾಯಿತು. ದರದ ಚೀಟಿ ಇಲ್ಲ. ಇದನ್ನು ಕಣ್ಣಾರೆ ನೋಡಬೇಕಿದ್ದರೆ ಲ್ಯಾಪ್‌ಟಾಪ್‌ನ ಸರ್ವೀಸಸ್ ಫೈಲಿನಲ್ಲಿ ಕ್ಯಾಶ್ ಹೆಡರ್‌ಗಳ ಡೀಬಗ್ ಆನ್ ಮಾಡಿ, ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ‘ಎಕ್ಸ್-ಡ್ರೂಪಲ್-ಕ್ಯಾಶ್-ಟ್ಯಾಗ್ಸ್’ ಎಂಬ ಸಾಲು ಹುಡುಕಿ. ದರದ ನೋಡ್ ನಂಬರ್ ಅಲ್ಲಿ ಇಲ್ಲದಿದ್ದರೆ ಇನ್ನು ಅನುಮಾನವೇ ಬೇಡ.

ಪರಿಹಾರ: ಸ್ಟ್ರಕ್ಚರ್‌ನ ಡಿಸ್‌ಪ್ಲೇ ಮೋಡ್ಸ್‌ನಲ್ಲಿ ‘ಚಿಕ್ಕ ದರ’ ಎಂಬ ಹೊಸ ವ್ಯೂ ಮೋಡ್ ಮಾಡಿ. ‘ದರ’ ಟೈಪ್‌ನಲ್ಲಿ ಆ ಮೋಡ್‌ಗೆ ದರದ ಫೀಲ್ಡ್ ಒಂದನ್ನೇ ಆನ್ ಮಾಡಿ. ‘ಮಂಡಿ’ಯ ಮ್ಯಾನೇಜ್ ಡಿಸ್‌ಪ್ಲೇಯಲ್ಲಿ ರೆಫರೆನ್ಸ್ ಫೀಲ್ಡ್‌ಗೆ ‘ರೆಂಡರ್ಡ್ ಎಂಟಿಟಿ’ ಫಾರ್ಮ್ಯಾಟರ್, ಮೋಡ್ ‘ಚಿಕ್ಕ ದರ’. ಟೆಂಪ್ಲೇಟ್‌ನ ಆ ಉದ್ದ ಸಾಲನ್ನು ಅಳಿಸಿ ‘ಕಂಟೆಂಟ್.ಫೀಲ್ಡ್_ಇಂದಿನ_ದರ’ ಎಂದು ಬರೆಯಿರಿ. ಅಲಂಕಾರ ಬೇಕಿದ್ದರೆ ‘ಚಿಕ್ಕ ದರ’ ಮೋಡ್‌ಗೆ ಸಿಗುವ ನೋಡ್ ಟೆಂಪ್ಲೇಟ್‌ನಲ್ಲಿ ಮಾಡಿ. ಕ್ರಾನ್ ಹಾಕಿದ್ದರೆ ಈಗ ತೆಗೆಯಿರಿ.

ಇನ್ನೊಂದು ಊರುಗೋಲು ಇದೆ. ಟೆಂಪ್ಲೇಟ್‌ನ ಮೇಲೆ ‘ಕಂಟೆಂಟ್’ ಅನ್ನು ‘ರೆಂಡರ್’ ಫಿಲ್ಟರ್‌ನಲ್ಲಿ ಹಾಯಿಸಿ ಒಂದು ವೇರಿಯಬಲ್‌ಗೆ ತುಂಬಿ, ಅದನ್ನು ತೋರಿಸದೇ ಬಿಡುವುದು. ತೋರಿಸದಿದ್ದರೂ ರೆಂಡರ್ ಆದದ್ದರಿಂದ ಚೀಟಿಗಳು ಅಂಟುತ್ತವೆ. ಆದರೆ ರೆಫರೆನ್ಸ್ ಫೀಲ್ಡ್ ‘ಡಿಸೇಬಲ್ಡ್’ನಲ್ಲಿ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಅದು ಆ ಗಂಟಿನಲ್ಲೇ ಇಲ್ಲವಲ್ಲ.

ಸೊನ್ನೆ ಮತ್ತು ಖಾಲಿ

ಆವಕ ಸೊನ್ನೆ ಇದ್ದ ದಿನ ಆವಕದ ಸಾಲೇ ಮಾಯ. ಟೆಂಪ್ಲೇಟ್‌ನಲ್ಲಿ ‘ಇಫ್ ನೋಡ್.ಫೀಲ್ಡ್_ಆವಕ.ವ್ಯಾಲ್ಯೂ’ ಎಂದಿರುತ್ತದೆ. ಟ್ವಿಗ್‌ಗೆ ಸೊನ್ನೆ ಎಂದರೆ ಸುಳ್ಳು. ಓದುವವರಿಗೆ ಮಾತ್ರ ‘ಮಾಲು ಬರಲಿಲ್ಲ’ ಎಂಬುದೂ ಒಂದು ಸುದ್ದಿ ಅಲ್ವಾ? ಹಾಗಾಗಿ ಮೌಲ್ಯವನ್ನು ಕೇಳಬೇಡಿ, ಫೀಲ್ಡ್ ಖಾಲಿಯೇ ಎಂದು ಕೇಳಿ: ‘ಇಫ್ ನಾಟ್ ನೋಡ್.ಫೀಲ್ಡ್_ಆವಕ.ಇಸ್‌ಎಂಪ್ಟಿ’. ಹಸಿ ದಾರಿ ಹಿಡಿಯಲು ಇದೊಂದು ಒಳ್ಳೆಯ ಕಾರಣ. ಪರೀಕ್ಷೆ ‘ನೋಡ್’ ಮೇಲೆ, ಪ್ರದರ್ಶನ ‘ಕಂಟೆಂಟ್’ನಿಂದ.

ಇದರ ಉಲ್ಟಾ ಕೂಡ ಇದೆ. ಜಾಗ ಖಾಲಿ, ಆದರೂ ಸುತ್ತಲಿನ ಚೌಕಟ್ಟು ಕಾಣುತ್ತದೆ. ರೆಂಡರ್ ಮಾಡಿ, ಟ್ರಿಮ್ ಮಾಡಿ, ಏನಾದರೂ ಉಳಿಯಿತಾ ಎಂದು ನೋಡುವ ಟೆಂಪ್ಲೇಟ್‌ಗಳಲ್ಲಿ ಇದು ಜಾಸ್ತಿ. ಟ್ವಿಗ್ ಡೀಬಗ್ ಆನ್ ಇದ್ದಾಗ ಸೇರುವ ಕಾಮೆಂಟುಗಳೂ ‘ಏನೋ ಇದೆ’ ಎಂದೇ ಲೆಕ್ಕಕ್ಕೆ ಬರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಚೌಕಟ್ಟು ಕಾಣುತ್ತಿದ್ದರೆ ಡೀಬಗ್ ಆಫ್ ಮಾಡಿ ಮತ್ತೊಮ್ಮೆ ನೋಡಿ.

ಪಟ್ಟಿಯಲ್ಲಿ ಬೇರೆ, ಪುಟದಲ್ಲಿ ಬೇರೆ

ಪಟ್ಟಿ ಮಾಡುವ ಸಾಧನವಾದ ವ್ಯೂಸ್‌ನಲ್ಲಿ ‘ಫೀಲ್ಡ್ಸ್’ ಎಂದು ಆರಿಸಿ ಮಾಡಿದ ಪಟ್ಟಿ ನೋಡ್ ಟೆಂಪ್ಲೇಟನ್ನೂ ಕೇಳುವುದಿಲ್ಲ, ಮ್ಯಾನೇಜ್ ಡಿಸ್‌ಪ್ಲೇಯನ್ನೂ ಕೇಳುವುದಿಲ್ಲ. ಅದರ ಫಾರ್ಮ್ಯಾಟರ್ ಅದರೊಳಗೇ ಇದೆ, ಅಲ್ಲೇ ತಿದ್ದಬೇಕು. ಪಟ್ಟಿಯೂ ಟೆಂಪ್ಲೇಟ್ ಮಾತು ಕೇಳಬೇಕೆಂದರೆ ‘ಕಂಟೆಂಟ್’ ಆರಿಸಿ ವ್ಯೂ ಮೋಡ್ ಕೊಡಿ.

ಕನ್ನಡ ಪಠ್ಯ ಅರ್ಧಕ್ಕೆ ತುಂಡಾದರೆ

ಟೀಸರ್‌ನಲ್ಲಿ ವಿವರವನ್ನು ‘ಟ್ರಿಮ್ಡ್’ ಮಾಡಿದ್ದರೆ ಮೊದಲಿನಿಂದ ಇರುವ ಮಿತಿ 600. ಇಂಗ್ಲಿಷ್‌ನಲ್ಲಿ ಒಳ್ಳೆಯ ಪ್ಯಾರಾ ಸಿಗುತ್ತದೆ, ಕನ್ನಡದಲ್ಲಿ ಬೇಗ ಮುಗಿಯುತ್ತದೆ. ಯಾಕೆಂದರೆ ಎಣಿಸುವುದು ಯುನಿಕೋಡ್ ಗುರುತುಗಳನ್ನು. ‘ಕೊಬ್ಬರಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್‌ಗೆ ಏಳು: ಕ, ಒ ಸ್ವರದ ಗುರುತು, ಬ, ಅರ್ಧಾಕ್ಷರದ ಗುರುತು, ಮತ್ತೆ ಬ, ರ, ಇ ಸ್ವರದ ಗುರುತು. ಡ್ರೂಪಲ್ ಆದಷ್ಟು ವಾಕ್ಯದ ಅಥವಾ ಪ್ಯಾರಾದ ಕೊನೆ ಹುಡುಕಿ ಕತ್ತರಿಸಲು ನೋಡುತ್ತದೆ. ಪೂರ್ಣವಿರಾಮವೇ ಇಲ್ಲದೆ ಒಂದೇ ಉಸಿರಿಗೆ ಬರೆದ ವಿವರವಾದರೆ ಒತ್ತಕ್ಷರದ ನಡುವೆಯೂ ಕತ್ತರಿ ಬೀಳಬಹುದು. ಮಿತಿಯನ್ನು 900ಕ್ಕೆ ಏರಿಸಿ. ಅದಕ್ಕಿಂತ ಒಳ್ಳೆಯದು, ಸಾರಾಂಶದ ಜಾಗದಲ್ಲಿ ಎರಡು ಸಾಲನ್ನು ಕೈಯಿಂದಲೇ ಬರೆಸಿ.

ಫೀಲ್ಡ್ ಮಾಡುವಾಗ ಕನ್ನಡ ಲೇಬಲ್ ಕೊಟ್ಟರೆ ಮೆಷಿನ್ ನೇಮ್ (ಕೋಡಿನಲ್ಲಿ ಬಳಸುವ ಹೆಸರು) ತಾನಾಗಿ ಏನೋ ಒಂದು ಬಂದು ಕೂರುತ್ತದೆ. ಆಗಲೇ ‘ಎಡಿಟ್’ ಒತ್ತಿ ಓದುವಂಥ ಹೆಸರು ಕೊಡಿ. ಮೊದಲಿಗೆ ಅಂಟುವ ‘ಫೀಲ್ಡ್_’ ಸೇರಿ 32 ಅಕ್ಷರದೊಳಗೆ ಇರಬೇಕು. ಆಮೇಲೆ ಅಡ್ಮಿನ್ ಪುಟದಿಂದ ಅದನ್ನು ಬದಲಿಸಲು ಆಗುವುದಿಲ್ಲ, ಟೆಂಪ್ಲೇಟ್ ಫೈಲಿನ ಹೆಸರೂ ಅದರ ಮೇಲೇ ನಿಂತಿರುತ್ತದೆ.

ಲೈವ್‌ಗೆ ಹಾಕುವಾಗ

ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ, ಲೈವ್‌ನಲ್ಲಿ ಖಾಲಿ. ಇದಕ್ಕೆ ಕಾರಣ ಹೆಚ್ಚಾಗಿ ಒಂದೇ: ಟೆಂಪ್ಲೇಟ್ ಫೈಲ್ ಹೋಗಿದೆ, ಮ್ಯಾನೇಜ್ ಡಿಸ್‌ಪ್ಲೇಯಲ್ಲಿ ಮಾಡಿದ ಬದಲಾವಣೆ ಹೋಗಿಲ್ಲ. ಮೊದಲನೆಯದು ಥೀಮ್ ಫೋಲ್ಡರ್‌ನಲ್ಲಿದೆ, ಎರಡನೆಯದು ಕಾನ್ಫಿಗರೇಷನ್‌ನಲ್ಲಿದೆ. ಡ್ರಶ್‌ನಿಂದ (ಡ್ರೂಪಲ್‌ನ ಕಮಾಂಡ್ ಲೈನ್ ಸಾಧನ) ಕಾನ್ಫಿಗ್ ಎಕ್ಸ್‌ಪೋರ್ಟ್ ಮಾಡಿ, ಫೈಲುಗಳ ಜೊತೆ ಕಳಿಸಿ, ಲೈವ್‌ನಲ್ಲಿ ಇಂಪೋರ್ಟ್ ಮಾಡಿ. ಇಂಪೋರ್ಟ್‌ಗೆ ಮುಂಚೆ ಏನೇನು ಬದಲಾಗುತ್ತದೆ ಎಂಬ ಪಟ್ಟಿ ತೋರಿಸುತ್ತದೆ, ಅದನ್ನು ಓದಿ. ಲೈವ್‌ನಲ್ಲಿ ಯಾರಾದರೂ ನೇರ ಬದಲಾವಣೆ ಮಾಡಿದ್ದರೆ ಅದು ಅಳಿದುಹೋಗುವುದು ಆ ಪಟ್ಟಿಯಲ್ಲೇ ಕಾಣುತ್ತದೆ. ಆಮೇಲೆ ಒಂದು ಸಲ ಕ್ಯಾಶ್ ತೆರವು ಮಾಡಿ, ದರದ ಪುಟದಲ್ಲಿ ಅಂಕಿ ಬದಲಿಸಿ, ಮಂಡಿಯ ಪುಟವನ್ನು ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ. ಪರೀಕ್ಷೆಗೆ ಹಾಕಿದ ಅಂಕಿಯನ್ನು ಮರೆಯದೆ ವಾಪಸ್ ತಿದ್ದಿ. ಅದನ್ನೇ ಇವತ್ತಿನ ರೇಟು ಅಂದುಕೊಂಡು ಯಾರಾದರೂ ಮಾಲು ತುಂಬಿಸಿಬಿಟ್ಟಾರು.